ಬಲಕ್ಕೆ ವಾಲಿದ ವೆನಿಸ್ ದೋಣಿ

ಘಾಲಾ, ಮಸ್ಕತ್
೧೪ ಅಕ್ಟೋಬರ್ ೨೦೨೫

ಪ್ರೀತಿಯ ಸೌಮ್ಯಾ ಮಗಾ,

ಹೇಗಿದ್ದೀ? ಜರ್ಮನಿಯ ಆ ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಎತ್ತಿ ಬಂದ ಸೊಂಟನೋವು ಕಡಿಮೆಯಾಯಿತಾ? ಕುಚ್ಚಲಕ್ಕಿ ಸಿಗುತ್ತದಾ? ನಾನು ಗಟ್ಟಿ ಇದ್ದೇನೆ. ಗ್ಯಾರೇಜಿನಲ್ಲಿ ಸದ್ದು ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳುವವನು ಈಗಲೂ ನಾನೊಬ್ಬನೇ. ನನ್ನ ವೀಸಾದ ಧಣಿ ಕಫೀಲ್ ತನ್ನ ಗಾಡಿಯನ್ನು ಬೇರೆಯವರಿಗೆ ಮುಟ್ಟಲು ಬಿಡುವುದಿಲ್ಲ.

ನೀನು ರಜೆಯಲ್ಲಿ ವೆನಿಸ್ ನೋಡಲು ಹೋಗಿ ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಹೊಸ್ತಿಲಿಗೇ ನೀರು, ಗಲ್ಲಿಗೊಂದು ಸೇತುವೆ, ಮನೆಯಿಂದ ಮನೆಗೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ, ಚರ್ಚಿನ ಎದುರು ಪಾರಿವಾಳ. ಚೆಂದ ಉಂಟು. ಹಾಗೆಂದು ನಾನೇನೂ ಬೆರಗಾಗಲಿಲ್ಲ. ಕಳೆದ ವರ್ಷ ಮಳೆ ಬಂದಾಗ ನಮ್ಮ ಘಾಲಾ ರಸ್ತೆಯೂ ಹೀಗೇ ಇತ್ತು, ಟಿಕೆಟ್ ಮಾತ್ರ ಇರಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ಗುರುಪುರ ಹೊಳೆಯಲ್ಲಿ ಜನರನ್ನು ದಾಟಿಸಿದವನು ನಾನು. ಫೋಟೋದಲ್ಲಿ ನಿನ್ನ ದೋಣಿ ನಡೆಸುವ ಆ ಪಟ್ಟೆ ಅಂಗಿಯವನಿಗಿಂತ ಚೆನ್ನಾಗಿ ಹುಟ್ಟು ಹಾಕುತ್ತೇನೆ.

ಅದಕ್ಕೇ ನನಗೆ ಅನುಮಾನ. "ಒಬ್ಬಳೇ ಹೋದೆ ಮಾವಾ" ಅಂದೆ. ಫೋಟೋದಲ್ಲಿ ನೀನು ದೋಣಿಯ ನಟ್ಟನಡುವೆ ಕೂತಿದ್ದೀ, ದೋಣಿ ಮಾತ್ರ ಬಲಕ್ಕೆ ವಾಲಿದೆ. ಆ ಬದಿಯಲ್ಲಿ ಫೋಟೋ ಕತ್ತರಿಸಿದ ಹಾಗೂ ಕಾಣುತ್ತದೆ. ಎಪ್ಪತ್ತು ಕಿಲೋದವನೊಬ್ಬ ಅಲ್ಲಿ ಇರಲೇಬೇಕು. ಜೊತೆಗೆ ಕೆಲಸ ಮಾಡುವ ರಿಯಾಝ್‌ಗೆ ತೋರಿಸಿದರೆ, "ಸಂಕಪ್ಪಣ್ಣ, ಅಲ್ಲಿ ದೋಣಿ ಕಟ್ಟುವುದೇ ಸೊಟ್ಟ ಅಂತೆ" ಎಂದು ನಗುತ್ತಾನೆ. ಯಾವ ಆಚಾರಿ ಬೇಕೆಂದೇ ಸೊಟ್ಟ ದೋಣಿ ಕಟ್ಟುತ್ತಾನೆ ಮಾರಾಯ್ತಿ?

ಇಷ್ಟು ಕೆದಕುವುದಕ್ಕೆ ಕಾರಣ ಉಂಟು. ಇಲ್ಲೇ ಮಸ್ಕತ್ತಿನ ಅಲ್ ಹೈಲ್‌ನಲ್ಲಿರುವ ನಮ್ಮವರೊಬ್ಬರು ತಮ್ಮ ಮಗನಿಗೆ ನಿನ್ನನ್ನು ಕೇಳಿದ್ದಾರೆ. ನಿನ್ನಮ್ಮ ಕುಸುಮ ಒಪ್ಪಿಯಾಗಿದೆ. ನಮ್ಮಲ್ಲಿ ಸೋದರಮಾವನ ಮಾತಿಲ್ಲದೆ ಮುಂದುವರಿಯುವುದಿಲ್ಲವಲ್ಲ, ಹಾಗಾಗಿ ಈ ತಿಂಗಳ ಕೊನೆಯ ಶುಕ್ರವಾರ ನಾನು ಅವರ ಮನೆಗೆ ಹೋಗಿ ಹೂಂ ಎನ್ನಬೇಕು. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ನಿನ್ನಮ್ಮನೂ ಇದ್ದಾಳೆ, ಅದಕ್ಕೇ ಈ ಕಾಗದ.

ಊರಿನ ದೈವ ನಿನ್ನ ಬೆನ್ನಿಗಿರಲಿ. ಸ್ವೆಟರ್ ಮರೆಯಬೇಡ.

ನಿನ್ನ ಮಾವ,
ಸಂಕಪ್ಪ

ತಾ.ಕ.: ಕವರ್ ಅಂಟಿಸುವಷ್ಟರಲ್ಲಿ ರಿಯಾಝ್ ಅಲ್ಲಿ ದೋಣಿ ಕಟ್ಟುವ ವೀಡಿಯೋ ತೋರಿಸಿದ. ದೋಣಿ ಸೊಟ್ಟವೇ. ಇರಲಿ, ಅದನ್ನು ಬಿಟ್ಟೆ. ಆದರೆ ಸೇತುವೆಯ ಮೇಲಿನ ಫೋಟೋದಲ್ಲಿ ನಿನ್ನ ಎರಡೂ ಕೈಯಲ್ಲಿ ಒಂದೊಂದು ಐಸ್‌ಕ್ರೀಂ ಉಂಟು. ಫೋಟೋ ತೆಗೆದವನದು ಯಾವುದು ಎಂದು ಕೇಳುವುದಿಲ್ಲ. ಆ ಕೊನೆಯ ಶುಕ್ರವಾರದೊಳಗೆ ಅವನ ಹೆಸರನ್ನು ನನಗೊಬ್ಬನಿಗೆ ಫೋನ್ ಮಾಡಿ ಹೇಳು. ಅಲ್ ಹೈಲ್‌ನವರಿಗೆ ಜಾತಕ ಕೂಡಲಿಲ್ಲ ಎನ್ನುತ್ತೇನೆ. ಕುಸುಮಳನ್ನು ನಾನು ನೋಡಿಕೊಳ್ಳುತ್ತೇನೆ. ಅವನಿಗೆ ಈಜು ಬರುತ್ತದಾ?