ಕೊನೆಯ ಫಾರಂ

13 ಜೂನ್ 1983, ಸೋಮವಾರ

7.52ರ ಸ್ಲೋ ಲೋಕಲ್ ರೈಲು. ಡೊಂಬಿವಲಿಯಲ್ಲೇ ಕಿಟಕಿಯ ಸೀಟು ಸಿಕ್ಕಿತು. ‘ಉಪ್ಪಿನಾಚೆಯ ಊರು’ ಕಾದಂಬರಿಯ ಏಳನೆಯ ಭಾಗ ಶನಿವಾರದ ಅಂಚೆಯಲ್ಲಿ ಬಂದಿದೆ. ಕೊನೆಯದು. ಎಂದಿನಂತೆ ಬ್ಲೇಡಿನಿಂದ ಹೊಲಿಗೆ ಬಿಡಿಸಿದೆ — ಹತ್ತು ಫಾರಂ, ಒಂದೊಂದೂ ಹದಿನಾರು ಪುಟ. ಒಂದೊಂದು ಫಾರಂ ಮೊದಲು ಓದುವುದು ನಾನು. ನಂತರ ಮುರಾರಿ, ಠಾಣೆಯ ಹೋಟೆಲಿನ ಮ್ಯಾನೇಜರ್. ಆಮೇಲೆ ಯಂಕಪ್ಪ, ಕಳವಾ ಸ್ಟೇಷನ್ ಹತ್ತಿರದ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ. ಹನ್ನೊಂದು ವರ್ಷದ ಏರ್ಪಾಟು. ಯಂಕಪ್ಪ ಮುಗಿಸುವವರೆಗೆ ಕತೆಯ ಬಗ್ಗೆ ಯಾರೂ ಬಾಯಿ ಬಿಡುವಂತಿಲ್ಲ.

22 ಜೂನ್

ಯಂಕಪ್ಪನ ಕೈಯಲ್ಲಿ ನಾಲ್ಕನೆಯ ಫಾರಂ. ತಡೆಯಲಾಗಲಿಲ್ಲ ಅವನಿಗೆ; ಕತೆಯ ಅಂಬಿಗನ ಬಗ್ಗೆ ನನ್ನನ್ನು ಕೇಳಿಯೇಬಿಟ್ಟ.

“ರಾಯರ, ಅಂಬಿಗ ಸಾಯ್ತಾನೇನ್ರಿ?”

“ಹೇಳಿದ್ರೆ ನಿಮ್ಮಿಬ್ಬರನ್ನೂ ದಿವಾ ಸ್ಟೇಷನ್ನಿನಲ್ಲೇ ಇಳಿಸ್ತೇನೆ ಮಾರಾಯ್ರೆ,” ಎಂದ ಮುರಾರಿ.

“ಹೂಂ ಅನಬ್ಯಾಡ್ರಿ. ಕಣ್ಣರ ಮಿಟಕಸ್ರಿ.”

ಕಿಟಕಿಯ ಹೊರಗೆ ನೋಡಿದೆ.

29 ಜೂನ್, ಬೆಳಿಗ್ಗೆ 6

ಹತ್ತನೆಯದು ಮುಗಿಯಿತು. ಕತೆಯಲ್ಲಿ ದಿನಕ್ಕೊಂದು ಕಡೆ ಇರುತ್ತಿದ್ದ ಊರು ಕೊನೆಗೂ ಒಂದೆಡೆ ನಿಂತಿತು. ಅಂಬಿಗ ಸಾಯುವುದಿಲ್ಲ. ದೋಣಿಗೆ ಬೆಂಕಿ ಇಟ್ಟು ದಡದಲ್ಲಿ ಮನೆ ಕಟ್ಟುತ್ತಾನೆ. ಆರು ಭಾಗಗಳಲ್ಲಿ ಬಿಟ್ಟಿದ್ದ ಎಲ್ಲ ಪ್ರಶ್ನೆಗೂ ಉತ್ತರವಿದೆ. ತಪ್ಪು ಹುಡುಕಿದೆ, ಸಿಗಲಿಲ್ಲ. ಒಳ್ಳೆಯ ಕೊನೆ ಎಂದೇ ಹೇಳಬೇಕು... ಸಿಟ್ಟೇ? ಅಲ್ಲ. ಹಲ್ಲು ಕಿತ್ತ ಜಾಗಕ್ಕೆ ನಾಲಗೆ ಮತ್ತೆ ಮತ್ತೆ ಹೋಗುತ್ತದಲ್ಲ, ಹಾಗೆ.

1 ಜುಲೈ

ಮುರಾರಿ ಕೈ ಚಾಚಿದ. “ಹತ್ತನೆಯದು ಇಲ್ಲ,” ಎಂದೆ. “ಬೈಂಡಿಂಗಿನಲ್ಲಿ ಬಿಟ್ಟುಹೋಗಿದೆ. ಪ್ರಕಾಶಕರಿಗೆ ಬರೆದಿದ್ದೇನೆ.” ಮೊದಲೇ ಬಾಯಿಪಾಠ ಮಾಡಿದಂತೆ ಬಂತು ಮಾತು. ನಾಲ್ಕನೆಯ ಭಾಗಕ್ಕೆ ನಿಜವಾಗಿಯೂ ಹಾಗಾಗಿತ್ತು. ನಂಬಿದರು.

“ಎಂತ ಅವಸ್ಥೆ! ಪಾಯಸ ಬರುವಾಗ ಎಲೆಯಿಂದ ಎಬ್ಬಿಸಿದ ಹಾಗಾಯ್ತಲ್ಲ,” ಎಂದ ಮುರಾರಿ.

ಫಾರಂ ನನ್ನ ಚೀಲದಲ್ಲೇ ಇತ್ತು. ಯಾಕೆ ಕೊಡಲಿಲ್ಲ? ಹನ್ನೊಂದು ವರ್ಷದಲ್ಲಿ ಒಬ್ಬರ ಮನೆ ಇನ್ನೊಬ್ಬರು ನೋಡಿಲ್ಲ. ಯಂಕಪ್ಪ ಓದಿ ಮುಗಿಸಿದ ಮರುದಿನದಿಂದ ನಮಗೆ ಕಾಯಲು ಏನೂ ಇಲ್ಲ. ಆಮೇಲೆ ಆ ಬೆಂಚಿನಲ್ಲಿ ಕೂರುವುದು ಬರೀ ಮೂವರು ಪ್ರಯಾಣಿಕರು.

11 ಜುಲೈ

ಪ್ರಕಾಶಕರ ಕಾಗದ ಬಂತೇ ಎಂದು ಮುರಾರಿ ಕೇಳಿದ. ಇಲ್ಲವೆಂದೆ. ಬರೆದರಲ್ಲವೇ ಬರುವುದು. ಕೊನೆ ಹೇಗಿರಬಹುದೆಂದು ದಿನವೂ ಮಾತು. ಇಷ್ಟು ಮಾತು ಯಾವ ಭಾಗಕ್ಕೂ ಆಡಿರಲಿಲ್ಲ. ವಿಚಿತ್ರವೆಂದರೆ ನಾನೂ ಊಹಿಸುತ್ತೇನೆ, ಗೊತ್ತಿಲ್ಲದವನಂತೆ. ನನ್ನ ಊಹೆಗಳು ಪುಸ್ತಕಕ್ಕಿಂತ ಕೆಟ್ಟದಾಗಿವೆ. ಆದರೂ ಬಿಡಲು ಮನಸ್ಸಿಲ್ಲ.

18 ಜುಲೈ, ಸಂಜೆ

ಬೆಳಿಗ್ಗೆ ಯಂಕಪ್ಪ ಪ್ಲಾಸ್ಟಿಕ್ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನನ್ನ ತೊಡೆಯ ಮೇಲಿಟ್ಟ.

“ವಾಶಿ ಕಡೆ ಒಂದು ಕನ್ನಡ ವಾಚನಾಲಯದಾಗ ಪುಸ್ತಕ ಸಿಕ್ತರಿ. ಮನಿಗೆ ಕೊಡಂಗಿಲ್ಲ ಅಂದ್ರು. ಮೂರು ಆಯ್ತಾರ ಕುಂತು ಹತ್ತನೇ ಫಾರಂ ಬರಕೊಂಡೀನಿ. ಈ ವಯಸ್ಸಿನ್ಯಾಗ ಕಾಪಿ ಬರೀತೀ ಅಂತ ನಮ್ಮ ಮನಿಯಾಕಿ ಸಾಬವ್ವ ನಗತಾಳ. ಮೊದಲ ನೀವು ಓದ್ರಿ. ಯಾವಾಗ್ಲೂ ನೀವ ಅಲ್ರಿ ಮೊದಲ.”

ದಪ್ಪ ದುಂಡು ಅಕ್ಷರ. ಒಂದು ಕಾಮಾ ಸಹ ಬಿಟ್ಟಿರಲಿಲ್ಲ. ಓದಿದೆ, ಹೊಸದಾಗಿ ಓದುವವನಂತೆ. ಮುಂಬ್ರಾ ಸ್ಟೇಷನ್ ದಾಟಿತು. ಅಂಬಿಗ ದೊಂದಿ ಹಿಡಿದು ದೋಣಿಯ ಹತ್ತಿರ ಬರುವಲ್ಲಿಗೆ ಬರಹ ನಿಂತಿತ್ತು.

“ಮುಂದೆ?”

“ಕೊನೀ ಎರಡು ಪುಟ ಬರೀಲಿಲ್ರಿ. ಪೆನ್ನ ನಡೀಲಿಲ್ಲ. ಬಾಯಿಲೆ ಹೇಳ್ತೀನಿ.”

ಮುರಾರಿ ಮುಂದಕ್ಕೆ ಬಾಗಿದ. ಅಂಬಿಗ ದೊಂದಿ ಎತ್ತಿದನಂತೆ. ಅಷ್ಟರಲ್ಲಿ ಆಚೆ ದಡದಿಂದ ಯಾರೋ ಕೂಗಿದರಂತೆ.

ಪುಸ್ತಕದಲ್ಲಿ ಯಾರೂ ಕೂಗುವುದಿಲ್ಲ.

ಹಾಗಿಲ್ಲ ಎಂದರೆ ಓದಿದ್ದೇನೆಂದು ಒಪ್ಪಬೇಕು. ಸುಮ್ಮನಿದ್ದರೆ ಯಾರೆಂದು ತಿಳಿಯುವುದಿಲ್ಲ. “ಯಾರು ಕೂಗಿದ್ದು?” ಎಂದೆ. ನಿಜವಾಗಿಯೂ ಬೇಕಿತ್ತು ನನಗೆ.

ಯಂಕಪ್ಪ ನನ್ನ ಮುಖವನ್ನೇ ನೋಡಿದ. “ನಿಮಗ ಗೊತ್ತಿಲ್ಲೇನ್ರಿ, ರಾಯರ?”

ಚೀಲ ತೆರೆದು ಹತ್ತನೆಯ ಫಾರಂ ತೆಗೆದೆ. ನೋಟ್‌ಬುಕ್ಕಿನ ಮೇಲಿಟ್ಟೆ. ಮುರಾರಿ ಅದನ್ನು ನೋಡಿದ, ನನ್ನನ್ನು ನೋಡಿದ. “ಅಯ್ಯೋ ದೇವ್ರೆ,” ಎಂದ.

ಯಂಕಪ್ಪ ಇಳಿಯುವ ಕಳವಾ ಬಂತು. ಅವನು ಏಳಲಿಲ್ಲ. ಫಾರಂ ಮುಟ್ಟಲೂ ಇಲ್ಲ.

“ಅದು ಇರ್ಲಿ ಬಿಡ್ರಿ,” ಎಂದ. “ಕೂಗಿದಾಕಿ ಯಾರಂದ್ರ...”