ಕೆಡದ ಲಿಫ್ಟಿಗೆ “ಕೆಟ್ಟಿದೆ” ಬೋರ್ಡು ಹಾಕಿದವರಿಗೆ

ರೀ,

ಫೋನು ಮಂಚದ ಮೇಲೇ ಬಿಟ್ಟು ಹೋಗಿದ್ದೀರಿ, ಅದಕ್ಕೇ ಈ ಚೀಟಿ.

ಮೂರನೇ ಮಹಡಿಯ ಟೀಚರು ಬಂದು, “ಗಂಡ ಲಿಫ್ಟ್ ಮೆಕ್ಯಾನಿಕ್ಕು, ನಮ್ಮ ಲಿಫ್ಟೇ ನಾಲ್ಕು ದಿನದಿಂದ ಕೆಟ್ಟು ಕೂತಿದೆಯಲ್ಲಮ್ಮಾ?” ಅಂದರು. ನಾಚಿಕೆಯಾಗಿ ನಿಮ್ಮ ಸಾಮಾನು ಹುಡುಕಿದರೆ, ಲಿಫ್ಟಿನ ಸ್ವಿಚ್ ಪೆಟ್ಟಿಗೆಯ ಬೀಗದ ಕೈ ಅಂಗಿ ಜೇಬಿನಲ್ಲಿ! ಟೀಚರು ಕೆಳಗೆ ಹೋಗಿ ಸ್ವಿಚ್ ಹಾಕಿದರು, ಲಿಫ್ಟಿನಲ್ಲೇ ಮೇಲೆ ಬಂದರು.

ಮೆಟ್ಟಿಲು ಹತ್ತಿದರೆ ಬೇಗ ಹೆರಿಗೆಯಾಗುತ್ತದೆ ಅಂತ ನಿಮ್ಮ ಅಕ್ಕ ಹೇಳಿದ್ದಕ್ಕೆ ತಾನೇ ಈ ನಾಟಕ? ಡಾಕ್ಟರು ಕೊಟ್ಟ ದಿನ ಮೀರಿ ಐದು ದಿನವಾಯಿತು, ನಿಜ. ನೀವು ತಂದ ಖರ್ಜೂರ ತಿಂದೆ. ಸಂಜೆ ಸಂಜೆ ನಡೆದೆ. ಹರಳೆಣ್ಣೆ ಮಾತ್ರ ಡಾಕ್ಟರು ಖಡಾಖಂಡಿತವಾಗಿ ಬೇಡವೆಂದರು. ಅಷ್ಟಾದರೂ ನಿಮಗೆ ಸಮಾಧಾನವಿಲ್ಲ. ತುಂಬು ಬಸುರಿಯನ್ನು ಐದು ಮಹಡಿ ಹತ್ತಿಸಿ, ಹಿಂದೆ ನಿಂತು “ನಿಧಾನ, ನಿಧಾನ” ಅನ್ನುತ್ತಿದ್ದಿರಲ್ಲ, ಯಾವ ಬಾಯಲ್ಲಿ?

ಹತ್ತೂವರೆಗೆ ನೋವು ಶುರುವಾಯಿತು. ಮೆಟ್ಟಿಲ ಮೇಲಲ್ಲ, ಕುರ್ಚಿಯಲ್ಲಿ ಕೂತು ನಿಮಗೆ ಬೈಯುತ್ತಿದ್ದಾಗ. ನಿಮ್ಮಿಂದಲೇ ಆಯಿತೆಂದು ಅಕ್ಕನ ಮುಂದೆ ಬೀಗಬೇಡಿ.

ಟೀಚರ ಜೊತೆ ಆಸ್ಪತ್ರೆಗೆ ಹೊರಟೆ. ಹಾಲು ಕಾಯಿಸಿದ್ದೇನೆ, ಆರಿದ ಮೇಲೆ ಒಳಗಿಡಿ. ಮಗುವಿನ ಟೋಪಿ ಇನ್ನೂ ಹಸಿ, ಇಸ್ತ್ರಿ ಹಾಕಿ. ಊಟ ಮಾಡಿಯೇ ಬನ್ನಿ. ಹಸಿದರೆ ನಿಮಗೆ ಕೈ ನಡುಗುತ್ತದೆ, ಮಗು ಎತ್ತಿಕೊಳ್ಳಬೇಕಲ್ಲ.

ದೊಡ್ಡ ಚೀಲ, ಫ್ಲಾಸ್ಕು, ದಿಂಬು ಎಲ್ಲ ಬಾಗಿಲ ಹತ್ತಿರ ಇಟ್ಟಿದ್ದೇನೆ. ನಾವು ಲಿಫ್ಟಿನಲ್ಲಿ ಇಳಿದ ಮೇಲೆ ಅದನ್ನು ಆಫ್ ಮಾಡಿ ಬೀಗದ ಕೈ ತೆಗೆದುಕೊಂಡು ಹೋಗುತ್ತೇನೆ. ಹತ್ತಿ ಬರುವಾಗಲೇ ಗೊತ್ತಾಗಿರಬೇಕು. ಈಗ ಅಷ್ಟೂ ಹೊತ್ತುಕೊಂಡು ಇಳಿಯಿರಿ.

ನಿಧಾನ, ನಿಧಾನ.