ಎಡಗೈಯ ಹತ್ತೊಂಬತ್ತನೇ ಪಾಠ

ಸ್ಟುಡಿಯೋದ ಹಿಂದಿನ ಕೋಣೆಯಿಂದ,
ಮಂಗಳವಾರ, ಹನ್ನೆರಡನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಈ ಪತ್ರದಲ್ಲಿ ಹೇಳಬೇಕಾದ್ದನ್ನು ಹೇಳದೆಯೇ ಬಿಟ್ಟುಬಿಡುವುದರಲ್ಲಿದ್ದೆ. ಎರಡು ವಾರ ಹಾಗೆ ಬಿಟ್ಟೂ ಇದ್ದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲದೆ ಹೋದೀತು. ಹೋದ ತಿಂಗಳ ಕೊನೆಗೆ ನಾನು ಕಳಿಸಿದ ಹತ್ತೊಂಬತ್ತನೇ ಪಾಠದ ರೆಕಾರ್ಡಿಂಗ್ ಇದೆಯಲ್ಲ, ನೀನು ಮನೆಮಂದಿಗೆಲ್ಲ ಕೇಳಿಸಿ ಹಿಗ್ಗಿದ್ದು, ಅದರಲ್ಲಿ ಕೇಳುವ ಎಡಗೈ ನಿನ್ನದಲ್ಲ. ಸ್ವರಗಳು ನಿನ್ನವೇ, ಅವು ಬೀಳುವ ಹೊತ್ತು ಮಾತ್ರ ನಿನ್ನದಲ್ಲ. ಅದನ್ನು ತಿದ್ದಿದವಳು ನಾನು.

ಇನ್ನು ಕ್ಷೇಮಸಮಾಚಾರ. ಹೇಗಿದ್ದೀಯ? ಮಂಡಿ ನೋವು ಹತೋಟಿಯಲ್ಲಿದೆಯೇ? ತಂಗಿಯ ಮನೆಯ ಆ ಕಡಿದಾದ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯ? ಒಂದೇ ಸಲ ಎಂದು ನೀನು ಹೇಳುತ್ತೀ, ನಾಲ್ಕು ಸಲ ಎಂದು ಅವಳು ಹೇಳುತ್ತಾಳೆ. ಎರಡನ್ನೂ ಕೂಡಿಸಿ ಅರ್ಧ ಮಾಡಿಕೊಂಡು ಸಮಾಧಾನಪಟ್ಟುಕೊಳ್ಳುತ್ತೇನೆ. ಮಗುವಿಗೆ ಹಲ್ಲು ಬಂದಿತೇ? ಸಾಮಾನ್ಯವಾಗಿ ಇಂಥ ಪ್ರಶ್ನೆಗಳನ್ನು ಉತ್ತರ ಗೊತ್ತಿದ್ದೇ ಕೇಳುತ್ತೇನೆ. ಈ ಸಲ ಒಂದನ್ನು ನಿಜವಾಗಿ ಕೇಳುತ್ತಿದ್ದೇನೆ: ಎಡಗೈ ಹೇಗಿದೆ? ಗುಂಡಿ ಹಾಕಿಕೊಳ್ಳುವಾಗ, ಲೋಟ ಹಿಡಿಯುವಾಗ ಹೇಗಿರುತ್ತದೆ? "ಎಲ್ಲಾ ಚೆನ್ನಾಗಿದೆ ಕಣೇ, ನಿನ್ನ ಕೆಲಸ ನೋಡ್ಕೋ" ಎಂಬ ಉತ್ತರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರಿಗೆ ಹಾಕುತ್ತೀ. ಆಮೇಲೆ ನಾವಿಬ್ಬರು ಮಾತಾಡುವುದು ಸಂತೆಯಲ್ಲಿ ಗುಟ್ಟು ಹೇಳಿದ ಹಾಗೆ. ತಂಗಿ ಅಡುಗೆಮನೆಯಿಂದ ಒಂದು ಮಾತು ಎಸೆಯುತ್ತಾಳೆ, ಅವಳ ಗಂಡ "ಅತ್ತಿಗೆ, ನಮಸ್ಕಾರ" ಎನ್ನುತ್ತಾರೆ, ಮಗು ಕಿರುಚುತ್ತದೆ, ಅಷ್ಟರಲ್ಲಿ ನನ್ನ ಬಾಯಿ ಮುಚ್ಚಿಹೋಗಿರುತ್ತದೆ. ಅದೂ ಅಲ್ಲದೆ, ನೀನು ನಂಬುವುದು ಮಾತನ್ನಲ್ಲ, ಕಾಗದದ ಮೇಲಿನ ಸ್ವರಲಿಪಿಯ ಐದು ಗೆರೆಗಳನ್ನು. ಇಂಗ್ಲಿಷ್ ಶಾಲೆಯ ನನ್ನ ಕನ್ನಡದಲ್ಲಿ ಎಷ್ಟು ತಪ್ಪಿದ್ದರೂ ಈ ಸಲ ಕೆಂಪು ಪೆನ್ಸಿಲ್ ತೆಗೆದುಕೊಳ್ಳಬೇಡ.

ನಡೆದದ್ದು ಹೀಗೆ. ನಲವತ್ತು ವರ್ಷ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತ ನೀನೇ ಕಟ್ಟಿದ ಆ ಸಣ್ಣಪುಟ್ಟ ಪಾಠಗಳನ್ನು ನಿನ್ನ ಹಳೆಯ ಶಿಷ್ಯರು ಪುಸ್ತಕ ಮಾಡಿಸುತ್ತೇವೆ ಎಂದಾಗ, ಸ್ವರಲಿಪಿ ಸಿದ್ಧಪಡಿಸುವುದು ನನ್ನ ಪಾಲಿಗೆ ಬಂತು. ಬರದೆ ಇನ್ನೇನು? ಬೇರೆಯವರು ನುಡಿಸಿದ್ದನ್ನು ಓದುವ ಹಾಗೆ ಅಚ್ಚುಕಟ್ಟು ಮಾಡುವುದೇ ಅಲ್ಲವೇ ನನ್ನ ಹೊಟ್ಟೆಪಾಡು. "ನನ್ನ ದೊಡ್ಡ ಮಗಳು ಸ್ವರಗಳಿಗೆ ಇಸ್ತ್ರಿ ಹಾಕ್ತಾಳೆ" ಎಂದು ನೀನು ಎಲ್ಲರಿಗೂ ಹೇಳುವುದು ನನಗೆ ಗೊತ್ತು. ವಾರಕ್ಕೊಂದು ಪಾಠವನ್ನು ನೀನು ಕೀಬೋರ್ಡಿನಲ್ಲಿ ನುಡಿಸುವುದು, ತಂಗಿ ಅದರ ಫೈಲು ಕಳಿಸುವುದು, ನಾನು ಇಲ್ಲಿ ತೆರೆದು ಪುಟ ಮಾಡುವುದು. ನಾಲ್ಕೂವರೆ ತಿಂಗಳು ಹೀಗೇ ನಡೆಯಿತು.

ನಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಒಂದು ಗುಣವಿದೆ, ಅದನ್ನು ಗುಣ ಎನ್ನಬೇಕೋ ದೋಷ ಎನ್ನಬೇಕೋ ತಿಳಿಯದು. ಯಾವ ಕೀಯನ್ನು ಯಾವ ಕ್ಷಣದಲ್ಲಿ ಒತ್ತಿದೆ, ಯಾವಾಗ ಬಿಟ್ಟೆ ಎಂಬುದನ್ನು ಅದು ಕೂದಲೆಳೆಯಷ್ಟೂ ಮರೆಯುವುದಿಲ್ಲ. ಅದನ್ನೇ ಸ್ವರಲಿಪಿಯಾಗಿ ತೋರಿಸು ಎಂದರೆ ತೋರಿಸುತ್ತದೆ, ಮುಲಾಜಿಲ್ಲದೆ. ಒಂದು ಸ್ವರ ತುಸು ತಡವಾಗಿ ಬಿದ್ದಿದ್ದರೆ ಅದರ ಮುಂದೆ ಒಂದು ಪುಟಾಣಿ ವಿರಾಮದ ಚಿಹ್ನೆ ಹಾಕಿ, ಸ್ವರವನ್ನು ಎರಡು ತುಂಡು ಮಾಡಿ, ಆ ತುಂಡುಗಳಿಗೆ ಕಮಾನಿನಂಥ ಗೆರೆಯ ಗಂಟು ಹಾಕಿ ನಿಲ್ಲಿಸುತ್ತದೆ. ಹತ್ತೊಂಬತ್ತನೇ ಪಾಠ ತೆರೆದ ದಿನ ಮೇಲಿನ ಸಾಲು, ಬಲಗೈಯದು, ಎಂದಿನ ಹಾಗೆ ನೇರ ನಿಂತಿತ್ತು. ಕೆಳಗಿನ ಸಾಲು ಮುಳ್ಳುಬೇಲಿಯಂತಿತ್ತು. ಮಕ್ಕಳು ಅದನ್ನು ಕಂಡರೆ ಪುಸ್ತಕ ಎಸೆದು ಓಡಿಹೋಗುತ್ತಿದ್ದರು.

ಇಂಥದ್ದಕ್ಕೆ ಎರಡು ದಾರಿಗಳಿವೆ. ಒಂದು, ನುಡಿಸಿದ್ದನ್ನು ಹಾಗೇ ಇಟ್ಟು ಕಾಗದದ ಮೇಲೆ ಕಾಣುವುದನ್ನು ಮಾತ್ರ ಅಚ್ಚುಕಟ್ಟು ಮಾಡುವುದು. ಇನ್ನೊಂದು, ಸ್ವರಗಳನ್ನೇ ಹಿಡಿದು ಹತ್ತಿರದ ತಾಳದ ಗೆರೆಗೆ ಎಳೆದು ಕೂರಿಸುವುದು. ಆಗ ಕಾಣುವುದರ ಜೊತೆ ಕೇಳುವುದೂ ಬದಲಾಗುತ್ತದೆ. ಹದಿನೆಂಟು ಪಾಠಗಳಿಗೂ ಮೊದಲನೆಯದನ್ನೇ ಮಾಡಿದ್ದೆ. ಆ ದಿನ ಒಂದು ಹಾಡಿನ ಕೊಳಲು, ಪಿಟೀಲಿನ ಪುಟಗಳೆಲ್ಲ ಊಟದ ಹೊತ್ತಿಗೆ ಬೇಕಿದ್ದವು, ಹೊರಗೆ ವಾದ್ಯದವರು ಕಾಯುತ್ತಿದ್ದರು. ಬೆಳಗಿನಿಂದ ಎರಡನೆಯದನ್ನೇ ಮಾಡಿ ಮಾಡಿ ಬೆರಳಿಗೆ ಅದೇ ರೂಢಿಯಾಗಿತ್ತು. ನಿನ್ನ ಪಾಠಕ್ಕೂ ಅದನ್ನೇ ಒತ್ತಿದೆ. ಮುಳ್ಳುಬೇಲಿ ಕಣ್ಣೆದುರೇ ಮಾಯವಾಯಿತು. ಆ ಪ್ರತಿಯನ್ನೇ ಉಳಿಸಿ, ರೆಕಾರ್ಡಿಂಗನ್ನೂ ಅದರಿಂದಲೇ ತೆಗೆದೆ.

ಇಷ್ಟು ಮಾತ್ರವಾಗಿದ್ದರೆ ಕೈತಪ್ಪು ಎನ್ನಬಹುದಿತ್ತು. ಆದರೆ ಕಳಿಸುವ ಮುಂಚೆ ಕೇಳಿದೆ ಅಮ್ಮಾ. ಕೇಳಿದ ಮೂರನೇ ಸಾಲಿಗೇ ಗೊತ್ತಾಯಿತು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು "ಎಡಗೈ ಮನೆಯ ಯಜಮಾನಿ ಇದ್ದ ಹಾಗೆ, ಅವಳು ಹೊತ್ತಿಗೆ ಸರಿಯಾಗಿ ಏಳಬೇಕು" ಎನ್ನುತ್ತಿದ್ದ ಅಂದಿನ ಅಮ್ಮ ನುಡಿಸುತ್ತಿದ್ದಳು. ಹೆಡ್‌ಫೋನ್ ತೆಗೆಯಲು ಮನಸ್ಸಾಗಲಿಲ್ಲ. ಮತ್ತೆ ಹಾಕಿಕೊಂಡು ಕೇಳಿದೆ. ಇದು ಸುಳ್ಳು ಎಂದು ಗೊತ್ತಿದ್ದೂ, ಗೊತ್ತಿದ್ದೇ ಕಳಿಸಿದೆ. ನಿನ್ನನ್ನು ಖುಷಿಪಡಿಸಲು ಕಳಿಸಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲವೇನೋ. ಆ ಮುಳ್ಳುಬೇಲಿಯನ್ನು ನಾನು ನೋಡಲೇ ಇಲ್ಲ ಎಂದಾಗಬೇಕಿತ್ತು ನನಗೆ.

ಅವತ್ತು ಸಂಜೆಯೇ ನಿನ್ನ ಫೋನು. "ಕೇಳಿದ್ಯೇನೇ? ಮುದುಕಿ ಅಂದೋರ ಬಾಯಿಗೆ ಬೀಗ! ಇನ್ನೂ ಬೆರಳಲ್ಲಿ ಜೀವ ಇದೆ ಕಣೇ!" ಎಂದೆ. ನಿನ್ನ ದನಿಯಲ್ಲಿ ಅಷ್ಟು ಸಂತೋಷ ಕೇಳಿ ವರ್ಷವೇ ಆಗಿತ್ತು. ನಾನೂ ನಕ್ಕೆ. "ಕಡ್ಡಿ ಟೀಚರ್ ಅಂದ್ರೆ ಸುಮ್ನೇನಾ?" ಎಂದು ನಿನ್ನ ಶಿಷ್ಯರು ನಿನಗಿಟ್ಟ ಹೆಸರು ಹಿಡಿದು ಬೇರೆ ಹೇಳಿದೆ. ಆ ಮಾತು ನೆನೆದರೆ ಈಗ ಮುಖ ಬಿಸಿಯಾಗುತ್ತದೆ.

ಮರುವಾರ ತಂಗಿ ಫೋನ್ ಮಾಡಿದಳು. ಕೈ ಜೋಮು ಹಿಡಿಯುತ್ತದೆ ಎಂದು ನೀನೇ ಹೇಳಿದ್ದಕ್ಕೆ ಅವಳು ನರಗಳ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದಳಲ್ಲ, ಅದನ್ನು ನೀನು ರದ್ದು ಮಾಡಿಸಿದೆಯಂತೆ. "ಹತ್ತೊಂಬತ್ತನೇ ಪಾಠ ಕೇಳಿದ್ಯಲ್ಲ, ಇಷ್ಟು ಚೆನ್ನಾಗಿ ನುಡಿಸೋ ಕೈಗೆ ಯಾವ ರೋಗ, ನಡಿಯೇ" ಎಂದೆಯಂತೆ. ತಂಗಿಯೂ, "ಹೌದು ಬಿಡು ಅಕ್ಕಾ, ನಾವೇ ಸುಮ್ನೆ ಗಾಬರಿ ಆಗಿದ್ವಿ" ಎಂದಳು. ನಾನೂ "ಹೂಂ" ಎಂದೆ.

ನಿನ್ನೆ ನಮ್ಮ ಸ್ಟುಡಿಯೋ ಯಜಮಾನರ ಮುಂದೆ ಬಾಯಿಬಿಟ್ಟೆ. ಮೂವತ್ತು ವರ್ಷ ಡ್ರಮ್ ಬಾರಿಸಿ ಈಗ ಒಂದು ಕಿವಿ ಮಂದವಾದ ಮನುಷ್ಯ. ಏನು ಹೇಳಿದರೂ ಪಕ್ಕದ ಬೀದಿಗೆ ಕೇಳುವ ಹಾಗೆ ಹೇಳುತ್ತಾರೆ. "ಮೇಡಂ, ನಂದೂ ಕೈ ತಡ ಆಗ್ತಿತ್ತು. ನಮ್ಮ ಬ್ಯಾಂಡಿನೋರೆಲ್ಲ ಸ್ನೇಹಕ್ಕೆ ಕಟ್ಟುಬಿದ್ದು ನನ್ನ ಜೊತೆಗೇ ತಡವಾಗಿ ನುಡಿಸ್ತಿದ್ರು. ಯಾರೂ ಹೇಳ್ಲಿಲ್ಲ. ಆಮೇಲೆ ವೇದಿಕೆ ಮೇಲೆ ಕೋಲು ಜಾರಿ ಬಿತ್ತು. ಅಷ್ಟು ಮರ್ಯಾದೆ ಕೊಡೋ ಬದಲು ಒಬ್ಬ ಬೈದಿದ್ರೆ ಸಾಕಿತ್ತು" ಎಂದರು. ಆಮೇಲೆ ಚಹಾ ತರಿಸಿದರು. ಅವರು ತಾವಾಗಿ ಚಹಾ ತರಿಸಿದ್ದು ಈ ಎಂಟು ವರ್ಷದಲ್ಲಿ ಅದೇ ಮೊದಲು.

ನೀನು ನುಡಿಸಿದ್ದು ಎಲ್ಲೂ ಹೋಗಿಲ್ಲ, ತಂಗಿ ಕಳಿಸಿದ ಮೂಲ ಫೈಲು ನನ್ನ ಮೇಲ್‌ನಲ್ಲಿ ಹಾಗೇ ಇದೆ. ಪುಸ್ತಕದ ಪುಟಗಳಿಗೂ ತೊಂದರೆಯಿಲ್ಲ, ಮಕ್ಕಳು ಓದಬೇಕಾದ್ದು ನೀನು ಕಟ್ಟಿದ ಪಾಠವನ್ನು. ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಚಿಕ್ಕವಳಿದ್ದಾಗ ನಾನು ತಪ್ಪು ನುಡಿಸಿ ಚೆನ್ನಾಗಿ ಬಂತು ಎಂದು ಬೀಗಿದರೆ ನೀನು ಒಂದು ದಿನವೂ ತಲೆಯಾಡಿಸಿದವಳಲ್ಲ. ನಾನು ಅತ್ತರೂ ನೀನು "ಇನ್ನೊಂದ್ಸಲ" ಎನ್ನುತ್ತಿದ್ದೆ. ಆಗ ನಿನ್ನದು ಕಲ್ಲುಮನಸ್ಸು ಅನ್ನಿಸುತ್ತಿತ್ತು. ಹಾಗೆ ಹೇಳುವುದಕ್ಕೆ ಎಷ್ಟು ಗಟ್ಟಿ ಪ್ರೀತಿ ಬೇಕು ಎಂದು ಈಗ ಅನ್ನಿಸುತ್ತಿದೆ. ಅಷ್ಟು ನನ್ನಲ್ಲಿದೆಯೋ ಇಲ್ಲವೋ ಅರಿಯೆ.

ತಂಗಿಗೆ, ಅವಳ ಮನೆಯವರಿಗೆ ನನ್ನ ನೆನಪು ತಿಳಿಸು. ಮಗುವಿನ ಎರಡೂ ಕೆನ್ನೆಗೆ ಮುತ್ತು. ನಿನ್ನ ಕಾಲಿಗೆ ನನ್ನ ನಮಸ್ಕಾರ, ಆಶೀರ್ವಾದ ಕೊಡುವುದು ಬಿಡುವುದು ಪತ್ರ ಓದಿ ಮುಗಿಸಿದ ಮೇಲೆ ನಿನ್ನಿಷ್ಟ.

ನಿನ್ನ
ದೊಡ್ಡ ಮಗಳು

ತಾ.ಕ.: ಸಹಿ ಹಾಕಿದ ಮೇಲೆ ನೋಡಿದರೆ ಮುಖ್ಯವಾದದ್ದನ್ನೇ ಬರೆದಿಲ್ಲ. ಇದರೊಂದಿಗೆ ಮೂರು ಹಾಳೆ ಇಟ್ಟಿದ್ದೇನೆ: ಒಂದು, ಹನ್ನೊಂದು, ಹತ್ತೊಂಬತ್ತನೇ ಪಾಠ. ಒಂದನ್ನೂ ತಿದ್ದಿಲ್ಲ, ನೀನು ಹೇಗೆ ನುಡಿಸಿದೆಯೋ ಹಾಗೇ ಇವೆ. ಕೆಳಗಿನ ಸಾಲನ್ನು ಮಾತ್ರ ಓದು. ಮೊದಲನೇ ಪಾಠದಲ್ಲಿ ನನಗೆ ತಡವೇನೂ ಕಾಣುವುದಿಲ್ಲ. ಹನ್ನೊಂದರಲ್ಲಿ ಕಿರುಬೆರಳು ತಡ. ಹತ್ತೊಂಬತ್ತರಲ್ಲಿ ಉಂಗುರದ ಬೆರಳೂ ತಡ, ಕೊನೆಯ ಸಾಲಿನಲ್ಲಿ ಎರಡು ಸ್ವರ ಬಿದ್ದೇ ಇಲ್ಲ. ಅವನ್ನು ರೆಕಾರ್ಡಿಂಗಿನಲ್ಲಿ ಸೇರಿಸಿಟ್ಟವಳೂ ನಾನೇ, ಸ್ವರಗಳೆಲ್ಲ ನಿನ್ನವೇ ಎಂದು ಮೇಲೆ ಬರೆದದ್ದು ಅಷ್ಟರ ಮಟ್ಟಿಗೆ ಸುಳ್ಳು. ವಯಸ್ಸಾದರೆ ಎರಡೂ ಕೈ ನಿಧಾನವಾಗಬೇಕಲ್ಲ ಅಮ್ಮಾ, ನಿನ್ನ ಬಲಗೈ ಗಡಿಯಾರದ ಹಾಗಿದೆ. ಡಾಕ್ಟರ ಕಡೆಯವರಿಗೆ ಇವತ್ತು ಬೆಳಿಗ್ಗೆ ನಾನೇ ಫೋನ್ ಮಾಡಿ ಬರುವ ಸೋಮವಾರ ಹತ್ತು ಗಂಟೆಗೆ ಮತ್ತೆ ಸಮಯ ತೆಗೆದುಕೊಂಡಿದ್ದೇನೆ. ಭಾನುವಾರ ಸಂಜೆ ಬರುತ್ತೇನೆ, ನಾನೇ ಕರೆದುಕೊಂಡು ಹೋಗುತ್ತೇನೆ. ಹಾಳೆಗಳನ್ನು ಎಸೆಯಬೇಡ, ಅವರಿಗೆ ತೋರಿಸಬೇಕು. ಇದನ್ನು ನಾಳೆ ಬೆಳಿಗ್ಗೆ ಕೆಲಸಕ್ಕೆ ಬರುವ ಮುಂಚೆ ಅಂಚೆಗೆ ಹಾಕುತ್ತೇನೆ, ಬುಧವಾರ, ಹದಿಮೂರನೇ ತಾರೀಖು.